ಉಂಡು ಮಲಗಿದವರ ನಾಡು

ಜರ್ಮನಿಯ ಮ್ಯೂನಿಕ್ ನಗರದ ಆಲ್ಟೆ ಪಿನಾಕೊಥೆಕ್ ಸಂಗ್ರಹಾಲಯದಲ್ಲಿ ಓಕ್ ಮರದ ಹಲಗೆಯ ಮೇಲೆ ಬರೆದ ಒಂದು ಚಿತ್ರವಿದೆ. ಅದರ ಎತ್ತರ ಸುಮಾರು 52 ಸೆಂಟಿಮೀಟರ್, ಅಗಲ 78 ಸೆಂಟಿಮೀಟರ್. ಸಾಧಾರಣ ಮನೆಯ ಗೋಡೆಯಲ್ಲೂ ತೂಗುಹಾಕಬಹುದಾದಷ್ಟು ಚಿಕ್ಕದು. ನೆದರ್ಲೆಂಡ್ಸಿನ ಚಿತ್ರಕಾರ ಪೀಟರ್ ಬ್ರೂಗೆಲ್ 1567ರಲ್ಲಿ ಬರೆದ ಈ ಚಿತ್ರದ ನಡುವೆ ಒಂದು ಮರ, ಮರದ ಕಾಂಡವನ್ನೇ ಬಳಸಿ ಕಟ್ಟಿದ ಊಟದ ಮೇಜು, ಮೇಜಿನ ಮೇಲೆ ಅರೆಬರೆ ತಿಂದು ಬಿಟ್ಟ ತಿನಿಸು. ಮರದ ಬುಡದಲ್ಲಿ ಮೂವರು ಗಂಡಸರು ಉಂಡ ಭಾರಕ್ಕೆ ಕೈಕಾಲು ಚೆಲ್ಲಿ ಬಿದ್ದುಕೊಂಡಿದ್ದಾರೆ. ಒಬ್ಬ ರೈತ, ಕಾಳು ಬಡಿಯುವ ಕೋಲಿನ ಮೇಲೆಯೇ ಮೈಚಾಚಿ ನಿದ್ದೆಹೋಗಿದ್ದಾನೆ. ಇನ್ನೊಬ್ಬ ಸೈನಿಕ; ಅವನ ಈಟಿ ಪಕ್ಕಕ್ಕೆ ಬಿದ್ದಿದೆ. ಮೂರನೆಯವನು ಓದುಬರಹ ಬಲ್ಲವನು. ತುಪ್ಪಳದ ನಿಲುವಂಗಿಯನ್ನೇ ಹಾಸಿಗೆಯಾಗಿ ಹಾಸಿಕೊಂಡು, ಪುಸ್ತಕವನ್ನು ಬದಿಗೆ ಬಿಟ್ಟು, ಕಣ್ಣು ತೆರೆದುಕೊಂಡೇ ಮೇಲಕ್ಕೆ ನೋಡುತ್ತ ಬಿದ್ದಿದ್ದಾನೆ.

ಅವರ ಸುತ್ತಲಿನ ನೆಲವನ್ನು ನಿಧಾನವಾಗಿ ನೋಡಬೇಕು. ಬೇಲಿಯನ್ನು ಮುಳ್ಳಿನಿಂದ ಹೆಣೆದಿಲ್ಲ, ಮಾಂಸದ ಸಾಸೇಜುಗಳಿಂದ ಹೆಣೆದಿದ್ದಾರೆ. ಗುಡಿಸಲಿನ ಮಾಡಿಗೆ ಹೆಂಚಿನ ಬದಲು ಸಿಹಿ ಕಡುಬಿನಂಥ ಟಾರ್ಟುಗಳನ್ನು ಹೊದಿಸಿದ್ದಾರೆ. ಅದರ ಕೆಳಗೆ ಒಬ್ಬ ಯೋಧ ಬಾಯಿ ತೆರೆದು, ಒಂದಾದರೂ ಜಾರಿ ಬಿದ್ದೀತೆಂದು ಕಾಯುತ್ತಿದ್ದಾನೆ. ಹಂದಿಯೊಂದು ತನ್ನನ್ನು ಕೊಯ್ಯುವ ಚಾಕುವನ್ನು ತನ್ನ ಪಕ್ಕೆಯಲ್ಲೇ ಸಿಕ್ಕಿಸಿಕೊಂಡು ಓಡುತ್ತಿದೆ. ತಲೆಯೊಡೆದ ಮೊಟ್ಟೆಗೆ ಎರಡು ಕಾಲು ಮೂಡಿ ಅದೂ ಉಣ್ಣುವವರ ಕಡೆಗೆ ನಡೆದು ಬರುತ್ತಿದೆ. ಹುರಿದ ಹಕ್ಕಿಯೊಂದು ತಾನಾಗಿಯೇ ತಟ್ಟೆಯ ಮೇಲೆ ಕುತ್ತಿಗೆ ಇಟ್ಟಿದೆ. ಬಲಗಡೆ ಮೇಲ್ಮೂಲೆಯಲ್ಲಿ ಅಂಬಲಿಯ ಗುಡ್ಡವೊಂದನ್ನು ಕೊರೆದು, ಕೈಯಲ್ಲಿ ಚಮಚ ಹಿಡಿದ ಒಬ್ಬ ಮನುಷ್ಯ ಈಚೆಗೆ ಇಳಿಯುತ್ತಿದ್ದಾನೆ. ಈ ನಾಡಿಗೆ ಬರಬೇಕಾದರೆ ಆ ಗುಡ್ಡವನ್ನು ತಿಂದು ದಾರಿ ಮಾಡಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ದುಡಿಯದೆ ಉಣ್ಣುವ ಈ ಕನಸಿನ ನಾಡಿಗೆ ಯುರೋಪಿನ ಒಂದೊಂದು ಭಾಷೆಯಲ್ಲಿ ಒಂದೊಂದು ಹೆಸರಿದೆ, ಬ್ರೂಗೆಲ್‌ನ ಚಿತ್ರಕ್ಕೂ ಅದೇ ಹೆಸರು. ಡಚ್ಚರು ಲುಯ್‌ಲೆಕ್ಕರ್‌ಲಾಂಡ್ ಎಂದರು. ಸೋಮಾರಿತನ, ರುಚಿ, ನಾಡು ಎಂಬ ಮೂರು ಪದಗಳನ್ನು ಕೂಡಿಸಿದ ಹೆಸರದು. ಜರ್ಮನರಿಗೆ ಅದು ಶ್ಲಾರಾಫೆನ್‌ಲಾಂಡ್, ಇಟಲಿಯವರಿಗೆ ಕುಕ್ಕಾನ್ಯ, ಇಂಗ್ಲಿಷಿನಲ್ಲಿ ಕೊಕೇಯ್ನ್. (ಮಾದಕವಸ್ತುವಿನ ಹೆಸರಿಗೂ ಇದಕ್ಕೂ ಯಾವ ನಂಟೂ ಇಲ್ಲ.) ಹದಿಮೂರನೆಯ ಶತಮಾನದ ಫ್ರೆಂಚ್ ಪದ್ಯವೊಂದರ ಪ್ರಕಾರ ಅಲ್ಲಿ ಯಾರು ಹೆಚ್ಚು ಹೊತ್ತು ಮಲಗುತ್ತಾರೋ ಅವರಿಗೆ ಹೆಚ್ಚು ಸಂಪಾದನೆ. ಹದಿನಾಲ್ಕನೆಯ ಶತಮಾನದಲ್ಲಿ ಐರ್ಲೆಂಡಿನಲ್ಲಿ ಬರೆದಿಟ್ಟ ಇಂಗ್ಲಿಷ್ ಪದ್ಯದಲ್ಲಿ ಹುರಿದ ಹೆಬ್ಬಾತುಗಳು ಕಂಬಿ ಸಮೇತ ಹಾರಿ ಬಂದು, ತಾವು ಬಿಸಿಬಿಸಿಯಾಗಿದ್ದೇವೆಂದು ಕೂಗುತ್ತವೆ. ಆದರೆ ಆ ನಾಡನ್ನು ಮುಟ್ಟಬೇಕಾದವನು ಏಳು ವರ್ಷ ಗದ್ದದವರೆಗೆ ಹಂದಿಯ ಹೇಲಿನಲ್ಲಿ ನಡೆಯಬೇಕು. ಅದೇ ಶತಮಾನದ ನಡುವಿನಲ್ಲಿ ಬೊಕಾಚಿಯೊ ಹೇಳಿದ ಇಟಲಿಯ ಕಥೆಯೊಂದರಲ್ಲಿ ತುರಿದ ಪಾರ್ಮೆಸಾನ್ ಚೀಸಿನ ಬೆಟ್ಟವಿದೆ. ಬೆಟ್ಟದ ಮೇಲಿರುವವರಿಗೆ ಮ್ಯಾಕರೋನಿ ಬೇಯಿಸಿ ಕೆಳಕ್ಕೆ ಉರುಳಿಸುವುದಲ್ಲದೆ ಬೇರೆ ಕೆಲಸವಿಲ್ಲ. ಈ ಮಾತನ್ನು ನಂಬಿ ಮೋಸಹೋಗುವ ಮುಗ್ಧನನ್ನು ಬೊಕಾಚಿಯೊ ಒಬ್ಬ ಚಿತ್ರಕಾರನನ್ನಾಗಿ ಮಾಡಿರುವುದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಹೊಟ್ಟೆ ತುಂಬಿದವರು ಇಂಥ ನಾಡನ್ನು ಕಲ್ಪಿಸುವುದಿಲ್ಲ. 1315ರಿಂದ ಕೆಲವು ವರ್ಷ ಉತ್ತರ ಯುರೋಪನ್ನು ಹಿಂಡಿದ ಮಹಾಕ್ಷಾಮದಲ್ಲಿ ಮಳೆ ನಿಲ್ಲದೆ ಬೆಳೆ ಕೊಳೆಯಿತು; ಅದಕ್ಕೆ ಮೊದಲೂ ಅದರ ನಂತರವೂ ಹಳೆಯ ಧಾನ್ಯ ಮುಗಿದು ಹೊಸದು ಬರುವ ನಡುವಿನ ತಿಂಗಳುಗಳು ಬಡವರಿಗೆ ಪ್ರತಿವರ್ಷ ಒದಗುವ ಸಂಕಟವಾಗಿದ್ದವು. ಬ್ರೂಗೆಲ್ ಬಾಳಿದ ನಾಡಿನಲ್ಲಿ 1564–65ರ ಚಳಿಗಾಲ ಅತ್ಯಂತ ಕಠಿಣವಾಗಿತ್ತು. ಆಗ ಆ ನಾಡನ್ನು ಆಳುತ್ತಿದ್ದ ಸ್ಪೇನಿನ ದೊರೆಯ ಪರವಾಗಿ, ದಂಗೆಯನ್ನು ಅಡಗಿಸಲು ಆಲ್ಬಾದ ಡ್ಯೂಕ್ ಸೇನೆಯೊಡನೆ ಬ್ರಸೆಲ್ಸಿಗೆ ಬಂದಿಳಿದದ್ದು ಈ ಚಿತ್ರ ಬರೆದ 1567ರಲ್ಲೇ. ಆದ್ದರಿಂದ ಮೂವರೂ ಮಲಗಿರುವುದನ್ನು, ಆಪತ್ತಿನ ಹೊತ್ತಿನಲ್ಲಿ ಎಚ್ಚರ ತಪ್ಪಿದ ಸಮಾಜದ ಮೇಲಿನ ಟೀಕೆಯೆಂದು ಓದಿದ ವಿದ್ವಾಂಸರೂ ಇದ್ದಾರೆ. ಆ ಓದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಚಿತ್ರದ ನಿಜವಾದ ಕೀಲಿ ರೈತನ ಬೆನ್ನಡಿಯಲ್ಲಿ ಸಿಕ್ಕಿಕೊಂಡಿರುವ ಆ ಕೋಲು ಎಂದು ನನಗೆ ತೋರುತ್ತದೆ. ಬ್ರೂಗೆಲ್ ಎರಡು ವರ್ಷ ಮೊದಲು, 1565ರಲ್ಲಿ, ಸುಗ್ಗಿಯ ಚಿತ್ರವೊಂದನ್ನು ಬರೆದಿದ್ದ. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಅದರಲ್ಲೂ ಒಂದು ಮರ, ಅದರ ನೆರಳಿನಲ್ಲಿ ಕಾಲಗಲಿಸಿ ಮಲಗಿದ ಒಬ್ಬ ರೈತ. ಭಂಗಿ ಹೆಚ್ಚುಕಡಿಮೆ ಅದೇ. ಆದರೆ ಅವನ ಪಕ್ಕದಲ್ಲೇ ಗೋಧಿ ಕೊಯ್ಯುವವರಿದ್ದಾರೆ, ಹೊರೆ ಹೊತ್ತವರಿದ್ದಾರೆ, ಬೆವರು ಒರೆಸಿಕೊಂಡು ಬ್ರೆಡ್ಡು ತಿನ್ನುತ್ತ ಕುಳಿತವರಿದ್ದಾರೆ. ಅಲ್ಲಿಯ ನಿದ್ದೆಗೆ ಹಿಂದೊಂದು ದುಡಿಮೆಯಿದೆ. 1567ರ ನಿದ್ದೆಗೆ ಹಿಂದೇನೂ ಇಲ್ಲ. ಸಮೃದ್ಧಿಯ ನಾಡಿನ ಚಿತ್ರಗಳೆಲ್ಲ ತಿನಿಸನ್ನು ತೋರಿಸುತ್ತವೆಯಾದರೂ, ಅವು ಎತ್ತುವ ಪ್ರಶ್ನೆ ತಿನಿಸಿನದಲ್ಲ: ಇದನ್ನು ಬೆಳೆದವರು, ಬೇಯಿಸಿದವರು ಯಾರು, ಅವರು ಎಲ್ಲಿ ಹೋದರು ಎಂಬುದು.

ಕನ್ನಡದ ಓದುಗರಿಗೆ ಈ ಕನಸು ತೀರ ಅಪರಿಚಿತವಲ್ಲ. ಪಂಪ 941ರಲ್ಲಿ ರಚಿಸಿದ ಆದಿಪುರಾಣದ ಹಿನ್ನೆಲೆಯಲ್ಲಿರುವ ಜೈನ ಕಾಲಕಲ್ಪನೆಯಲ್ಲಿ, ಮೊದಲ ಯುಗಗಳ ಭೂಮಿಗೆ ಭೋಗಭೂಮಿಯೆಂದೇ ಹೆಸರು. ಅಲ್ಲಿ ಯಾರೂ ಉಳುವುದಿಲ್ಲ, ಬಿತ್ತುವುದಿಲ್ಲ. ಹತ್ತು ಬಗೆಯ ಕಲ್ಪವೃಕ್ಷಗಳಿವೆ. ಭೋಜನಾಂಗ ಊಟವನ್ನು ಕೊಡುತ್ತದೆ, ವಸ್ತ್ರಾಂಗ ಬಟ್ಟೆಯನ್ನು, ಗೃಹಾಂಗ ಮನೆಯನ್ನು, ದೀಪಾಂಗ ಬೆಳಕನ್ನು. ಇಷ್ಟರ ಮಟ್ಟಿಗೆ ಇದು ಬ್ರೂಗೆಲ್‌ನ ನಾಡಿನ ನೆಂಟನಂತೆ ಕಾಣುತ್ತದೆ. ಆದರೆ ಒಂದು ವಿವರ ಎರಡನ್ನೂ ಬೇರೆ ಮಾಡುತ್ತದೆ. ಉತ್ತಮ ಭೋಗಭೂಮಿಯ ಜನ ಮೂರು ದಿನ ಕಳೆದ ಮೇಲೆ ಒಮ್ಮೆ, ಬೋರೆಹಣ್ಣಿನಷ್ಟು ಮಾತ್ರ ಆಹಾರ ತೆಗೆದುಕೊಳ್ಳುತ್ತಾರೆ. ಕಾಲ ಇಳಿದಂತೆ ಎರಡು ದಿನಕ್ಕೊಮ್ಮೆ ತಾರೆಕಾಯಿಯಷ್ಟು, ಇನ್ನೂ ಇಳಿದಾಗ ಒಂದು ದಿನ ಬಿಟ್ಟು ನೆಲ್ಲಿಕಾಯಿಯಷ್ಟು ಬೇಕಾಗುತ್ತದೆ. ಎಲ್ಲವೂ ಕೈಗೆಟಕುವ ಕಾಲದಲ್ಲಿ ಹಸಿವೇ ಬೋರೆಹಣ್ಣಿನ ಗಾತ್ರದ್ದು! ಕೊಕೇಯ್ನ್ ಕಲ್ಪನೆ ತಿನಿಸನ್ನು ಗುಡ್ಡವಾಗಿ ಬೆಳೆಸಿದರೆ ಜೈನ ಕಲ್ಪನೆ ಹೊಟ್ಟೆಯನ್ನು ಕಿರಿದಾಗಿಸುತ್ತದೆ. ಕಲ್ಪವೃಕ್ಷಗಳ ಶಕ್ತಿ ಕುಂದಿ ಜನ ಕಂಗೆಟ್ಟಾಗ ಆದಿದೇವನಾದ ವೃಷಭನಾಥ ಅವರಿಗೆ ಅಸಿ (ಆಯುಧ), ಮಸಿ (ಬರಹ), ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಆರು ಕಸುಬುಗಳನ್ನು ಕಲಿಸುತ್ತಾನೆ. ಭೋಗಭೂಮಿ ಮುಗಿದು ಕರ್ಮಭೂಮಿ ಶುರುವಾಗುವುದು ಅಲ್ಲಿಂದ. ಚಿತ್ರ, ಶಿಲ್ಪ, ಕಾವ್ಯ ಹುಟ್ಟುವುದಕ್ಕೂ ಆ ಕೊರತೆಯೇ ಬೇಕಾಯಿತು.

ಯುರೋಪಿಗೆ ಮರಳಿದರೆ, ಕನಸಿನ ನಾಡನ್ನು ಒಂದು ಊರು ಕೆಲವು ಗಂಟೆಗಳ ಮಟ್ಟಿಗೆ ನಿಜವಾಗಿಯೂ ಕಟ್ಟುತ್ತಿತ್ತು. ಹದಿನೆಂಟನೆಯ ಶತಮಾನದ ನೇಪಲ್ಸ್‌ನಲ್ಲಿ, ಬೂರ್ಬೊನ್ ಅರಸರ ಆಳ್ವಿಕೆಯಲ್ಲಿ, ಕಾರ್ನಿವಾಲ್ ಹಬ್ಬಕ್ಕೂ ರಾಜಮನೆತನದ ಸಂಭ್ರಮಗಳಿಗೂ ಅರಮನೆಯ ಮುಂದಿನ ಚೌಕದಲ್ಲಿ ಕುಕ್ಕಾನ್ಯವನ್ನು ನಿಲ್ಲಿಸುತ್ತಿದ್ದರು. ವಾಸ್ತುಶಿಲ್ಪಿಗಳು ಯೋಜಿಸಿದ ಮರದ ಕೋಟೆ, ತೋಟ, ಗುಡ್ಡಗಳಿಗೆ ಬ್ರೆಡ್ಡು, ಚೀಸು, ಮಾಂಸಗಳನ್ನು ಹೊದಿಸಿ, ಕೋಳಿ ಕುರಿಗಳನ್ನು ಜೀವಂತವಾಗಿಯೇ ಅವಕ್ಕೆ ಬಿಗಿಯುತ್ತಿದ್ದರು. ಸೈನಿಕರ ಸಾಲಿನ ಹಿಂದೆ ಊರಿನ ಬಡವರು ಕಾದು ನಿಂತಿರುತ್ತಿದ್ದರು. ಫಿರಂಗಿಯ ಸದ್ದು ಕೇಳಿದೊಡನೆ ಜನ ನುಗ್ಗಿ, ನೋಡನೋಡುತ್ತಿದ್ದಂತೆ ಇಡೀ ಕೋಟೆಯನ್ನು ಸೂರೆ ಮಾಡುತ್ತಿದ್ದರು. ಗಾಯಗೊಳ್ಳುವವರಿದ್ದರು, ಸಾಯುವವರೂ ಇದ್ದರು. ಅರಸನ ಪರಿವಾರ ಇದನ್ನು ಅರಮನೆಯ ಮೊಗಸಾಲೆಯಿಂದ ನೋಡುತ್ತಿತ್ತು. ಈ ಕಟ್ಟಡಗಳನ್ನು ತಾಮ್ರದ ಫಲಕದಲ್ಲಿ ಕೊರೆದು ಮುದ್ರಿಸಿದ ಚಿತ್ರಗಳು ಉಳಿದುಬಂದಿವೆ. ರೇಖೆಗಳು ಅಚ್ಚುಕಟ್ಟು, ಉದ್ಯಾನ ಸುಂದರ, ಜನ ಇರುವೆಗಳಷ್ಟು ಚಿಕ್ಕವರು. ಅದೇ ನೇಪಲ್ಸ್‌ನಲ್ಲಿ 1764ರಲ್ಲಿ ಘೋರ ಕ್ಷಾಮ ಬಂದು ಜನ ಬೀದಿಯಲ್ಲಿ ಸತ್ತರೆಂಬುದನ್ನು ನೆನೆದರೆ, ಆ ಚಿತ್ರಗಳನ್ನು ನಿರಾಳವಾಗಿ ನೋಡುವುದು ನನಗೆ ಸಾಧ್ಯವಾಗುವುದಿಲ್ಲ.

ಕುಕ್ಕಾನ್ಯದ ಇನ್ನೊಂದು ರೂಪ ಜಿಡ್ಡು ಬಳಿದ ಎತ್ತರದ ಕಂಬ. ತುದಿಯಲ್ಲಿ ತಿನಿಸು ಕಟ್ಟಿರುತ್ತದೆ, ಹತ್ತಿದವನಿಗೆ ಅದು ದಕ್ಕುತ್ತದೆ. ಸ್ಪೇನಿನ ಗೋಯಾ 1786–87ರಲ್ಲಿ ಇದನ್ನು ಚಿತ್ರಿಸಿದ್ದಾನೆ. ನಮ್ಮ ಕಡೆ ಅಷ್ಟಮಿಯ ಹೊತ್ತಿಗೆ ಜಾರುಕಂಬ ಏರುವುದನ್ನು ಕಂಡವರಿಗೆ ಆ ಚಿತ್ರಕ್ಕೆ ವಿವರಣೆಯೇ ಬೇಡ.

ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿ ಸಮೃದ್ಧಿ ಬೇರೊಂದು ವೇಷ ತೊಟ್ಟಿತು. ಹಡಗಿನ ವ್ಯಾಪಾರದಿಂದ ಸಿರಿವಂತರಾದವರು ತಮ್ಮ ಊಟದ ಮೇಜನ್ನೇ ಚಿತ್ರವಾಗಿ ಬರೆಸಿಕೊಂಡರು. ಪೀಟರ್ ಕ್ಲಾಸ್ 1627ರಲ್ಲಿ ಬರೆದ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ ಚಿತ್ರದಲ್ಲಿ ಟರ್ಕಿ ಕೋಳಿಯ ಮಾಂಸದ ಭಕ್ಷ್ಯವಿದೆ, ಸಿಪ್ಪೆ ಸುಲಿದ ನಿಂಬೆಯಿದೆ, ಚೀನಾದ ಪಿಂಗಾಣಿಯಿದೆ. ನನ್ನ ಕಣ್ಣು ನಿಲ್ಲುವುದು ಅವುಗಳ ಮೇಲಲ್ಲ, ಪಂಚಾಂಗದ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ ಒಂದು ಕಾಗದದ ಪೊಟ್ಟಣದ ಮೇಲೆ. ಅದರ ಬಾಯಿಂದ ಉಪ್ಪು ಮೆಣಸು ಚೆಲ್ಲಿದೆ. ನಮ್ಮ ಹಳ್ಳಿಯ ಅಂಗಡಿಗಳಲ್ಲಿ ಕಡಲೆಕಾಯಿ ಕಟ್ಟಿಕೊಡುತ್ತಿದ್ದಂಥದೇ ಪೊಟ್ಟಣ. ಆಗಿನ ಯುರೋಪಿನಲ್ಲಿ ಕಾಳುಮೆಣಸು ಎಂದರೆ ಏಷ್ಯಾದಿಂದ ಆಫ್ರಿಕಾವನ್ನು ಬಳಸಿ ತಿಂಗಳುಗಟ್ಟಲೆ ಸಾಗಿ ಬಂದ ಸರಕು. ಅದರ ವ್ಯಾಪಾರದ ಹಿಡಿತಕ್ಕಾಗಿಯೇ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಮೇಜಿನ ಮೇಲೆ ಮೆಣಸುಂಟು. ಬಳ್ಳಿಯಿಂದ ಬಿಡಿಸಿದವರಾಗಲಿ, ಹಡಗಿನಲ್ಲಿ ಹೊತ್ತು ತಂದವರಾಗಲಿ ಚಿತ್ರದ ಚೌಕಟ್ಟಿನೊಳಗಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕನಸು ಅಂಗಡಿಯಾಯಿತು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಪಿಗ್ಲಿ ವಿಗ್ಲಿ ಎಂಬ ದಿನಸಿ ಅಂಗಡಿ ತೆರೆದಾಗ, ಗಿರಾಕಿಗಳು ತಾವೇ ಕಪಾಟುಗಳ ನಡುವೆ ಅಡ್ಡಾಡಿ ಬೇಕಾದ್ದನ್ನು ಎತ್ತಿಕೊಳ್ಳುವಂತಾಯಿತು. ತೂಗಿ, ಕಟ್ಟಿ, ಮಾತಾಡಿಸಿ ಕೊಡುತ್ತಿದ್ದ ಅಂಗಡಿಯವನು ಮಾಯವಾದ. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಹೇಬರ್–ಬಾಷ್ ವಿಧಾನ 1913ರಲ್ಲಿ ಕಾರ್ಖಾನೆಯ ಪ್ರಮಾಣಕ್ಕೆ ಏರಿತು. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಊಟ ಅದನ್ನು ನೆಚ್ಚಿಕೊಂಡಿದೆ. ಶೈತ್ಯಾಗಾರ, ಡಬ್ಬಿಯಲ್ಲಿಡುವ ತಂತ್ರ, ಅಗ್ಗದ ಸಾಗಣೆ ಇವೆಲ್ಲ ಕೂಡಿ, ಬ್ರೂಗೆಲ್‌ನ ಹಂದಿ ಚಾಕು ಸಿಕ್ಕಿಸಿಕೊಂಡು ಓಡಿ ಬಂದಂತೆ, ಕೊಯ್ದು ತೊಳೆದ ತಿನಿಸು ತಾನಾಗಿಯೇ ಕೈಗೆ ಬರುವ ಭ್ರಮೆಯನ್ನು ಹುಟ್ಟಿಸಿದವು.

ಕಲಾವಿದರು ಇದನ್ನು ಬೇಗ ಗುರುತಿಸಿದರು. ಆಂಡಿ ವಾರ್ಹಾಲ್ 1962ರಲ್ಲಿ ಕ್ಯಾಂಪ್‌ಬೆಲ್ ಸೂಪಿನ ಡಬ್ಬಿಗಳನ್ನು 32 ಕ್ಯಾನ್ವಾಸುಗಳಲ್ಲಿ, ಒಂದೊಂದು ರುಚಿಗೆ ಒಂದರಂತೆ ಬರೆದ. ಲಾಸ್ ಏಂಜಲೀಸ್‌ನ ಗ್ಯಾಲರಿಯಲ್ಲಿ ಅವನ್ನು ಅಂಗಡಿಯ ಕಪಾಟಿನಂಥ ಪಟ್ಟಿಯ ಮೇಲೆ ಸಾಲಾಗಿ ನಿಲ್ಲಿಸಿದ್ದರು. ವೇನ್ ಥೀಬೋ 1963ರಲ್ಲಿ ಬರೆದ ಕೇಕುಗಳಲ್ಲಿ ಬಣ್ಣವೇ ಕೆನೆಯಷ್ಟು ದಪ್ಪ. ಆದರೆ ಈ ಅಂಗಡಿಯ ಸ್ವಭಾವವನ್ನು ಪೂರ್ತಿ ಹಿಡಿದವನು ಜರ್ಮನಿಯ ಛಾಯಾಗ್ರಾಹಕ ಆಂಡ್ರಿಯಾಸ್ ಗುರ್ಸ್ಕಿ ಎಂದು ನಾನು ಭಾವಿಸುತ್ತೇನೆ. 1999ರ ಅವನ ಛಾಯಾಚಿತ್ರ ಎರಡು ಮೀಟರಿಗೂ ಎತ್ತರ, ಮೂರು ಮೀಟರಿಗೂ ಅಗಲ. ಅಮೆರಿಕದ 99 ಸೆಂಟ್ ಅಂಗಡಿಯೊಂದರ ಒಳಗು. ಮಿಠಾಯಿ, ಬಿಸ್ಕತ್ತು, ಪಾನೀಯಗಳ ಹೊದಿಕೆಗಳು ಕೆಂಪು ಹಳದಿ ಪಟ್ಟೆಗಳಾಗಿ ಒಂದರ ಹಿಂದೊಂದು ಹರಿಯುತ್ತವೆ, ಅವುಗಳ ಪ್ರತಿಬಿಂಬ ಚಾವಣಿಯಲ್ಲೂ ಹೊಳೆಯುತ್ತದೆ. ಕಪಾಟುಗಳ ನಡುವೆ ಅಲ್ಲಲ್ಲಿ ತಲೆಗಳು ಮಾತ್ರ ಕಾಣುತ್ತವೆ, ಸಿಹಿಯ ಸಮುದ್ರದಲ್ಲಿ ಈಜುವವರ ಹಾಗೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು. ಮರುವರ್ಷ ಹಸಿದವರ ಸಂಖ್ಯೆ 73 ಕೋಟಿಯ ಆಸುಪಾಸಿನಲ್ಲಿತ್ತು. ಕೊಕೇಯ್ನ್ ಕಟ್ಟಿದವರಿಗೆ ಇಂಥ ದಿನ ಬಂದೀತೆಂಬ ಊಹೆಯೂ ಇರಲಿಲ್ಲ: ಅಂಬಲಿಯ ಗುಡ್ಡವೂ ಉಂಟು, ಗುಡ್ಡದ ಆಚೆ ಹಸಿದು ನಿಂತವರೂ ಉಂಟು.

ಹಳೆಯ ಹೆಸರನ್ನೇ ಹಿಡಿದು ಕೆಲಸ ಮಾಡಿದವರೂ ಇದ್ದಾರೆ. ನ್ಯೂಯಾರ್ಕಿನ ಚಿತ್ರಕಾರ ವಿಲ್ ಕಾಟನ್ ನಿಜವಾದ ಕೇಕು, ಬಿಸ್ಕತ್ತು, ಮಿಠಾಯಿಗಳಿಂದ ಪುಟ್ಟ ಮನೆ, ಕಾಡು, ಬೆಟ್ಟಗಳನ್ನು ಕಟ್ಟಿಕೊಂಡು, ಅವನ್ನು ನೋಡುತ್ತ ದೊಡ್ಡ ನಿಸರ್ಗಚಿತ್ರಗಳನ್ನು ಬರೆಯುತ್ತಾನೆ. ಅಮೆರಿಕದ ಇನ್ನೊಬ್ಬ ಚಿತ್ರಕಾರ ವಿನ್ಸೆಂಟ್ ಡೆಸಿಡೀರಿಯೊ 1993ರಿಂದ 2003ರವರೆಗೆ ಹತ್ತು ವರ್ಷ ದುಡಿದು ಮುಗಿಸಿದ, ಬ್ರೂಗೆಲ್‌ನ ಚಿತ್ರದ ಹೆಸರನ್ನೇ ಹೊತ್ತ ಕ್ಯಾನ್ವಾಸಿನಲ್ಲಿ ಎಂಜಲು ತಟ್ಟೆಗಳ ಮೇಜಿನ ಸುತ್ತ ನೆಲದ ತುಂಬ ಕಲೆಯ ಪುಸ್ತಕಗಳು ತೆರೆದು ಬಿದ್ದಿವೆ. ಅವನ ಪಾಲಿಗೆ ಅಜೀರ್ಣವಾದದ್ದು ಅನ್ನವಲ್ಲ, ಚಿತ್ರಗಳು.

ದುಡಿದ ಕೈಗಳನ್ನು ಮರಳಿ ಕರೆತಂದ ಕೃತಿ 2014ರ ಬೇಸಿಗೆಯಲ್ಲಿ ಬ್ರೂಕ್ಲಿನ್‌ನಲ್ಲಿ ನಿಂತಿತು. 2004ರಲ್ಲಿ ಮುಚ್ಚಿಹೋಗಿ, ಕೆಡವುವುದಕ್ಕೆ ಕಾದಿದ್ದ ಡಾಮಿನೊ ಸಕ್ಕರೆ ಕಾರ್ಖಾನೆಯೊಳಗೆ ಅಮೆರಿಕದ ಕಲಾವಿದೆ ಕಾರಾ ವಾಕರ್ ಒಂದು ಸ್ಫಿಂಕ್ಸನ್ನು, ಅಂದರೆ ಸಿಂಹದ ಮೈಗೆ ಮನುಷ್ಯರ ತಲೆಯಿರುವ ಮೂರ್ತಿಯನ್ನು, ಕಟ್ಟಿದಳು. ಎತ್ತರ ಸುಮಾರು 35 ಅಡಿ, ಉದ್ದ 75 ಅಡಿ. ಅಚ್ಚಬಿಳಿ ಸಕ್ಕರೆಯನ್ನು ಮೆತ್ತಿದ ಮೈ. ಮುಖ ಕಪ್ಪು ಹೆಣ್ಣಿನದು, ತಲೆಗೆ ಅಡುಗೆಯಾಳಿನ ವಸ್ತ್ರ. ಯುರೋಪಿನ ಮಧ್ಯಯುಗದ ಔತಣಗಳಲ್ಲಿ ಸಿರಿವಂತಿಕೆ ಮೆರೆಸಲು ಸಕ್ಕರೆಯ ಗೊಂಬೆಗಳನ್ನು ಮೇಜಿಗೆ ತರುತ್ತಿದ್ದರು. ಆ ಗೊಂಬೆಗಳಿಗೆ ಸಟಲ್ಟಿ ಎಂದು ಹೆಸರು, ಕೃತಿಯ ಹೆಸರೂ ಅದೇ. ಕಬ್ಬಿನ ಗದ್ದೆಯಿಂದ ಅಡುಗೆಮನೆಯವರೆಗೆ ಸಂಬಳವಿಲ್ಲದೆ ಮೈಮುರಿದು ದುಡಿದ ಕೆಲಸಗಾರರಿಗೆ ಇದು ಗೌರವಾರ್ಪಣೆಯೆಂದು ಕೃತಿಯ ಉದ್ದನೆಯ ಶೀರ್ಷಿಕೆ ಬಾಯಿಬಿಟ್ಟು ಹೇಳುತ್ತಿತ್ತು. ಸ್ಫಿಂಕ್ಸಿನ ಸುತ್ತ, ಬುಟ್ಟಿ ಹೊತ್ತ ಹುಡುಗರ ಕಂದು ಬಣ್ಣದ ಮೂರ್ತಿಗಳಿದ್ದವು. ಅವುಗಳಲ್ಲಿ ಕೆಲವು ಸಕ್ಕರೆ ಪಾಕದಿಂದ ಎರಕಹೊಯ್ದವು. ಬೇಸಿಗೆಯ ಸೆಖೆಗೆ ಆ ಹುಡುಗರು ಕರಗಿದರು. ತೋಳು ಕಳಚಿತು, ಕಾಲಡಿಯಲ್ಲಿ ರಕ್ತದಂಥ ಪಾಕ ಮಡುಗಟ್ಟಿತು. ಮುರಿದ ಚೂರುಗಳನ್ನು ಉಳಿದ ಹುಡುಗರ ಬುಟ್ಟಿಗೆ ತುಂಬಿದರು. ಜುಲೈ ತಿಂಗಳಲ್ಲಿ ಪ್ರದರ್ಶನ ಮುಗಿದ ಮೇಲೆ ಸ್ಫಿಂಕ್ಸನ್ನೂ ಕೆಡವಲಾಯಿತು.

ಇಲ್ಲಿ ನಮ್ಮ ಭಾಷೆಗೊಂದು ಪಾಲಿದೆ. ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆಯಾದಂತೆಯೇ ಪಾರಸಿ, ಅರಬ್ಬಿ ನಾಲಿಗೆಗಳನ್ನು ದಾಟಿ ಇಂಗ್ಲಿಷಿನ ಶುಗರ್ ಆಯಿತು. ಖಂಡ ಎಂಬ ಮಾತು ಕ್ಯಾಂಡಿಯಾಯಿತು. ಕಬ್ಬಿನ ರಸವನ್ನು ಹರಳುಗಟ್ಟಿಸುವ ವಿದ್ಯೆ ಈ ನೆಲದಿಂದ ಪಶ್ಚಿಮಕ್ಕೆ ಹೋಯಿತು, ಅಲ್ಲಿಂದ ಕೆರಿಬಿಯನ್ ದ್ವೀಪಗಳಿಗೆ ದಾಟಿ ಗುಲಾಮರ ಬೆನ್ನೇರಿತು.

ಕ್ಯಾಂಡಿಯ ಮಾತು ಬಂದಾಗ ಫೆಲಿಕ್ಸ್ ಗೊನ್ಸಾಲೆಸ್-ಟೋರೆಸ್ 1991ರಲ್ಲಿ ಮಾಡಿದ ಕೃತಿಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಗ್ಯಾಲರಿಯ ಮೂಲೆಯಲ್ಲಿ ಬಣ್ಣಬಣ್ಣದ ಕಾಗದ ಸುತ್ತಿದ ಮಿಠಾಯಿಯ ರಾಶಿ. ಆದರ್ಶ ತೂಕ 175 ಪೌಂಡು, ಅಂದರೆ ಸುಮಾರು 79 ಕಿಲೊ. ಅದು ಆ ವರ್ಷ ಏಡ್ಸ್‌ನಿಂದ ತೀರಿಕೊಂಡ ಅವನ ಸಂಗಾತಿ ರಾಸ್‌ನ ಭಾವಚಿತ್ರ. ನೋಡಲು ಬಂದವರು ಒಂದೊಂದು ಮಿಠಾಯಿ ಎತ್ತಿಕೊಂಡು ತಿನ್ನಬಹುದು. ರಾಶಿ ಕರಗುತ್ತ ಹೋಗುತ್ತದೆ, ಕಾಯಿಲೆಯಲ್ಲಿ ಮೈ ಕರಗಿದಂತೆ. ಸಂಗ್ರಹಾಲಯದವರು ಬಯಸಿದರೆ ಅದನ್ನು ಮತ್ತೆ ತುಂಬಬಹುದು. ಕೃತಿಯ ವಿವರದಲ್ಲಿ ಕೊನೆಯಿಲ್ಲದ ಪೂರೈಕೆಯೆಂದು ದಾಖಲಿಸಿದ್ದಾರೆ. ದ್ರೌಪದಿಯ ಅಕ್ಷಯಪಾತ್ರೆಯ ಕಥೆ ಕೇಳಿ ಬೆಳೆದವರಿಗೆ ಆ ಪದಗಳು ಒಡನೆಯೇ ಅರ್ಥವಾಗುತ್ತವೆ. ಆದರೆ ಈ ಪಾತ್ರೆಯನ್ನು ಯಾವ ಸೂರ್ಯದೇವನೂ ತುಂಬುವುದಿಲ್ಲ. ಯಾರೋ ಒಬ್ಬರು ಪೆಟ್ಟಿಗೆ ಹೊತ್ತು ತಂದು, ಬಗ್ಗಿ, ಸುರಿಯಬೇಕು.

ಬ್ರೂಗೆಲ್‌ನ ಮರವನ್ನು ಕಂಡಾಗಲೆಲ್ಲ ನನಗೆ ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲಿನ ಇನ್ನೊಂದು ಮರ ನೆನಪಾಗುತ್ತದೆ. ಅಲ್ಲಿಯ ಭಿತ್ತಿಚಿತ್ರಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿದೆ, ತೀರ್ಥಂಕರರ ಬಾಳಿನ ದೃಶ್ಯಗಳಿವೆ. ಅವುಗಳ ಜೊತೆಗೆ ಒಂದು ಮರವೂ ಆರು ಜನರೂ ಇದ್ದಾರೆ. ಆತ್ಮದ ಆರು ಬಣ್ಣಗಳನ್ನು, ಅಂದರೆ ಲೇಶ್ಯೆಗಳನ್ನು, ತಿಳಿಸುವ ಹಳೆಯ ಕಥೆಯ ಚಿತ್ರವದು. ಹಸಿದ ಆರು ಜನ ಹಣ್ಣು ತುಂಬಿದ ಮರದ ಬಳಿಗೆ ಬರುತ್ತಾರೆ. ಕೃಷ್ಣಲೇಶ್ಯೆಯವನು ಮರವನ್ನು ಬುಡಸಮೇತ ಕಡಿಯೋಣ ಎನ್ನುತ್ತಾನೆ. ಎರಡನೆಯವನು ಕಾಂಡಕ್ಕೆ, ಮೂರನೆಯವನು ಕೊಂಬೆಗೆ, ನಾಲ್ಕನೆಯವನು ಗೊಂಚಲಿಗೆ ಕೈ ಹಾಕುತ್ತಾನೆ. ಐದನೆಯವನಿಗೆ ಮಾಗಿದ ಹಣ್ಣನ್ನಷ್ಟೇ ಕಿತ್ತರೆ ಸಾಕು. ಆರನೆಯವನು ಮರವನ್ನು ಮುಟ್ಟುವುದೂ ಇಲ್ಲ. ನೆಲಕ್ಕೆ ಬಗ್ಗಿ, ಉದುರಿ ಬಿದ್ದ ಹಣ್ಣುಗಳನ್ನು ಹೆಕ್ಕಿಕೊಳ್ಳುತ್ತಾನೆ.